ಜಗಳದ ಭಾಷೆಯಲ್ಲೇ ಶಿಬಿರವೂ ನಡೆಯಲಿ

ಮುರಿಯುವ ಹಂತಕ್ಕೆ ಬಂದ ದಾಂಪತ್ಯಗಳಿಗಾಗಿ ಸೋಲಾಪುರದಲ್ಲಿ ಒಂದು ಶಿಬಿರ ನಡೆಸಬೇಕೆಂದು ನನ್ನ ಪರಿಚಯದ ಕ್ಯಾಥೊಲಿಕ್ ದಂಪತಿಗಳು ಕೆಲ ದಿನಗಳಿಂದ ಓಡಾಡುತ್ತಿದ್ದಾರೆ. ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಜಾಗ, ಊಟ, ದಿನಾಂಕ ಕೇಳಲು ಅಕ್ಕಲಕೋಟೆ ತಾಲ್ಲೂಕಿನ ನನ್ನ ಹೊಲಕ್ಕೂ ಬಂದಿದ್ದರು. ಇದು ಆಗಬೇಕಾದ ಕೆಲಸ ಎಂಬುದು ನನ್ನ ಅಭಿಪ್ರಾಯ. ಆದರೆ ಹೇಗೆ ಆಗಬೇಕು ಎಂಬ ಬಗ್ಗೆ ಗಡಿನಾಡಿನವನಾಗಿ ನಾಲ್ಕು ಮಾತು ಹೇಳುವುದಿದೆ.

ಮೊದಲು ಈ ಶಿಬಿರ ಏನೆಂದು ತಿಳಿಯೋಣ. ಸ್ಪೇನ್ ದೇಶದ ಗೇಬ್ರಿಯಲ್ ಕಾಲ್ವೋ ಎಂಬ ಪಾದ್ರಿ 1962ರಲ್ಲಿ ಬಾರ್ಸೆಲೋನಾದಲ್ಲಿ ದಂಪತಿಗಳನ್ನು ಕೂಡಿಸಿ ಮಾತಾಡಿಸುವ ಪದ್ಧತಿ ಹಾಕಿದರು. ಅದೇ ಮುಂದೆ ಮ್ಯಾರೇಜ್ ಎನ್‌ಕೌಂಟರ್ ಎಂದು ಹೆಸರಾಯಿತು. ಅದು ನೆಟ್ಟಗಿರುವ ಸಂಸಾರಗಳಿಗೆ. ಕೆಟ್ಟು ನಿಂತವುಗಳಿಗಾಗಿ 1977ರಲ್ಲಿ ಕೆನಡಾದ ಕ್ಯೂಬೆಕ್ ಪ್ರಾಂತದಲ್ಲಿ ಫ್ರೆಂಚ್ ಭಾಷೆಯಲ್ಲಿ ಇನ್ನೊಂದು ಹುಟ್ಟಿತು. ಹೆಸರು ರೆತ್ರುವಾಯ್. ಕಳೆದುಕೊಂಡದ್ದು ಮತ್ತೆ ಸಿಕ್ಕಿತು ಎಂಬ ಅರ್ಥ. ಶುಕ್ರವಾರ ಸಂಜೆಯಿಂದ ಭಾನುವಾರದ ತನಕ ನಡೆಯುತ್ತದೆ, ಮುಂದಿನ ಕೆಲವು ವಾರ ಮತ್ತೆ ಮತ್ತೆ ಕೂಡುತ್ತಾರೆ. ಬೇರೆ ಧರ್ಮದವರೂ ಹೋಗಬಹುದು.

ಅಲ್ಲಿ ಮಾತಾಡುವವರು ಯಾರು ಎಂಬುದೇ ಅದರ ವಿಶೇಷ. ಒಬ್ಬ ಪಾದ್ರಿ ಇರುತ್ತಾರೆ, ನಿಜ. ಆದರೆ ಮುಖ್ಯವಾಗಿ ಮಾತಾಡುವವರು ಒಂದು ಕಾಲಕ್ಕೆ ತಾವೇ ಬಿದ್ದು ಎದ್ದ ಗಂಡ ಹೆಂಡಿರು. ತಮ್ಮ ಮನೆ ಹೇಗೆ ಹಾಳಾಯಿತು, ಹೇಗೆ ತಿರುಗಿತು ಎಂದು ಹೇಳುತ್ತಾರೆ. ಕೇಳಿದವರು ಎದ್ದು ನಿಂತು ತಮ್ಮ ಗುಟ್ಟು ಒದರಬೇಕಾಗಿಲ್ಲ. ವಹಿಯಲ್ಲಿ ಬರೆದು, ತಮ್ಮ ಕೋಣೆಗೆ ಹೋಗಿ, ಒಬ್ಬರದು ಇನ್ನೊಬ್ಬರು ಓದಿ ಮಾತಾಡಬೇಕು. ಅಷ್ಟೇ.

ನಮ್ಮ ಕಡೆ ಏನು ನಡೆಯುತ್ತದೆ ನೋಡ್ರಿ. ಐದು ಮಂದಿ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ. ಗಂಡನ ಕಡೆಯವರು ಒಂದು ಗಂಟೆ, ಹೆಣ್ಣಿನ ಅಣ್ಣ ಅರ್ಧ ಗಂಟೆ ಮಾತಾಡುತ್ತಾರೆ. ಹೆಣ್ಣುಮಗಳು ಕಂಬದ ಮರೆಗೆ. ಕೊನೆಗೆ "ಹೊಂದ್ಕೊಂಡು ಹೋಗವ್ವಾ" ಎಂಬ ತೀರ್ಪು. ಹೊಂದಿಕೊಳ್ಳುವುದು ಹೇಗೆ ಎಂದು ಯಾವ ಹಿರಿಯನೂ ತನ್ನ ಮನೆಯ ಉದಾಹರಣೆ ಕೊಟ್ಟದ್ದು ನಾನು ಕೇಳಿಲ್ಲ. ಕೊಟ್ಟರೆ ಪಂಚಾಯಿತಿ ಅಲ್ಲೇ ಬರ್ಖಾಸ್ತ್ ಆದೀತು!

ಸೋಲಾಪುರದ ಸಿದ್ಧರಾಮೇಶ್ವರ ಜಾತ್ರೆಯಲ್ಲಿ ಪ್ರತಿ ಸಂಕ್ರಾಂತಿಗೆ ಒಂದು ಮದುವೆ ನಡೆಯುತ್ತದೆ. ಕುಂಬಾರರ ಕನ್ಯೆಗೆ ಯೋಗದಂಡದ ಜೊತೆ ಲಗ್ನ. ನಂದಿಧ್ವಜಗಳು ಬಂದು ನಿಂತು ಅಕ್ಷತೆ ಬೀಳುವ ಆ ಸ್ಥಳದ ಹೆಸರು ಸಮ್ಮತಿ ಕಟ್ಟೆ. ಎಂಥ ಹೆಸರು! ನಮ್ಮ ಊರುಗಳ ಪಂಚಾಯಿತಿ ಕಟ್ಟೆಗಳ ಮೇಲೆ ಆ ಸಮ್ಮತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ.

ಕ್ಯಾಥೊಲಿಕರು ಇಂಥದ್ದನ್ನು ಕಟ್ಟಿದ್ದಕ್ಕೆ ಕಾರಣವೂ ಉಂಟು. ಅವರ ಧರ್ಮಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲ. ಸರಕಾರದ ಕಾನೂನಿನಲ್ಲೂ 1869ರ ವಿಚ್ಛೇದನ ಕಾಯಿದೆಗೆ 2001ರಲ್ಲಿ ತಿದ್ದುಪಡಿ ಆದ ಮೇಲೆಯೇ ನಮ್ಮ ದೇಶದ ಕ್ರೈಸ್ತರಿಗೆ ಪರಸ್ಪರ ಒಪ್ಪಿಗೆಯಿಂದ ಬಿಡುವ ದಾರಿ ಸಿಕ್ಕಿತು. ಹಿಂದೂಗಳಿಗೆ ಅದು 1976ರಲ್ಲೇ ಬಂದಿತ್ತು. ಹೊರಗಿನ ಬಾಗಿಲು ಮುಚ್ಚಿದವರು ಒಳಗಿನ ಗೋಡೆ ರಿಪೇರಿ ಕಲಿತರು ಎಂದು ನಾನು ತಿಳಿಯುತ್ತೇನೆ.

ಈಗ ನನ್ನ ತಕರಾರಿಗೆ ಬರುತ್ತೇನೆ. "ಎಲ್ಲಾರೂ ವಹಿಯೊಳಗ ಬರೀಬೇಕ್ರಿ" ಎಂದರು ಆ ದಂಪತಿಗಳು. "ಯಾವ ಭಾಷಾದಾಗ್ರಿ?" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ಅಕ್ಕ, "ಮರಾಠಿ, ಇಲ್ಲಾ ಇಂಗ್ಲಿಷ್" ಎಂದರು.

ನನ್ನ ಮನೆಮಾತು ತೆಲುಗು. ಗಡಿ ದಾಟಿ ಆಳಂದದ ಕಡೆ ಎಸ್ಸೆಸ್ಸೆಲ್ಸಿ ಓದಿದ್ದು ಕನ್ನಡದಲ್ಲಿ. ತಹಸೀಲ್ದಾರ ಕಚೇರಿಯಲ್ಲಿ ಮರಾಠಿ. ಸೋಲಾಪುರದ ಪೂರ್ವ ಭಾಗದಲ್ಲಿ ಮಗ್ಗದ ಪದ್ಮಶಾಲಿಗಳು ಮನೆಯಲ್ಲಿ ತೆಲುಗು ಆಡುತ್ತಾರೆ, ಅವರ ಮಕ್ಕಳು ಬರೆಯಲು ಕಲಿತದ್ದು ಮರಾಠಿ. ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಹಳ್ಳಿಗಳಲ್ಲಿ ಕನ್ನಡದವರ ಕಥೆಯೂ ಹೆಚ್ಚು ಕಡಿಮೆ ಇದೇ. ಇಲ್ಲಿ ಜನ ಜಗಳಾಡುವ ಭಾಷೆ ಒಂದು, ಸಹಿ ಮಾಡುವ ಭಾಷೆ ಇನ್ನೊಂದು. ತೆಲುಗಿನಲ್ಲಿ ಅಲಕ ಎಂಬ ಮಾತಿದೆ. ಕನ್ನಡದ ಮುನಿಸು, ಮರಾಠಿಯ ರುಸವಾ. ಯಾರಾದರೂ ಬಂದು ರಮಿಸಲಿ ಎಂದು ಕಾಯುವ ಸಿಟ್ಟು ಅದು. ಅದನ್ನು ಇಂಗ್ಲಿಷಿನಿಂದ ತರ್ಜುಮೆ ಮಾಡಿ 'ಕ್ರೋಧ' ಎಂದು ಹಾಳೆಯ ಮೇಲೆ ಅಚ್ಚು ಹಾಕಿಸಿದರೆ ಗಂಡ ಏನು ತಿಳಿದಾನು? 'ನಿಮ್ಮ ಭಾವನೆಗಳನ್ನು ಬರೆಯಿರಿ' ಎಂದರೆ ನಮ್ಮ ಹೆಣ್ಣುಮಕ್ಕಳು ಪೆನ್ನು ಕೆಳಗಿಡುತ್ತಾರೆ. 'ಯಾವಾಗ ಹೊಟ್ಟಿ ಉರೀತು, ಯಾವಾಗ ಎದಿ ಧಸಕ್ ಅಂತು' ಎಂದು ಕೇಳಿ ನೋಡಲಿ, ವಹಿ ಸಾಲದು.

ಬರೆಯಲು ಬಾರದವರಿಗೆ ಇನ್ನೊಬ್ಬರು ಬರೆದುಕೊಡುವುದು ಬೇಡ. ಗುಟ್ಟು ಮೂರನೆಯವರ ಕೈ ಸೇರುತ್ತದೆ. ಮೊಬೈಲಿನಲ್ಲಿ ಮಾತು ತುಂಬಿಸಿ ಕೊಡಲಿ, ಕೇಳಿದ ಮೇಲೆ ಇಬ್ಬರೂ ಕೂತು ಅಳಿಸಿಬಿಡಲಿ.

ಬೀಡಿ ಕಟ್ಟುವ ಹೆಂಗಸಿಗೆ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎರಡು ದಿನ ಶಿಬಿರಕ್ಕೆ ಕೂತರೆ ಎರಡು ದಿನದ ರೊಟ್ಟಿ ಹೋಯಿತು, ಅದನ್ನೂ ಲೆಕ್ಕ ಹಿಡಿಯಬೇಕು. ರೈತರನ್ನು ಕರೆಯುವುದಾದರೆ ಬಿಳಿಜೋಳದ ರಾಶಿ ಮುಗಿದ ಮೇಲೆ ಕರೆಯಲಿ. ಮುಂದಿನ ವಾರಗಳ ಕೂಟ ಅಕ್ಕಲಕೋಟೆಯಲ್ಲೇ ಆದರೆ ಸುಮಾರು 40 ಕಿಲೋಮೀಟರ್ ಬಸ್ಸಿನ ಖರ್ಚು ಉಳಿಯುತ್ತದೆ. ಊಟ ಸಸ್ಯಾಹಾರವಿರಲಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಾನು ಕೊಡುತ್ತೇನೆ.

ಮತಾಂತರದ ಗುಮಾನಿ ಬಂದೇ ಬರುತ್ತದೆ. ಪ್ರಾರ್ಥನೆ ಯಾವಾಗ, ಎದ್ದು ಹೊರಗೆ ಹೋಗಬಹುದೇ ಎಂಬುದನ್ನು ಕರೆಯುವ ಚೀಟಿಯಲ್ಲೇ ಬರೆದರೆ ಅರ್ಧ ಗುಮಾನಿ ಹೋಗುತ್ತದೆ. ಉಳಿದರ್ಧ ಇದ್ದವರು ಬಂದು ಕೂತು ನೋಡಲಿ.

ಒಂದು ಮಾತು ಮಾತ್ರ ಖಡಾಖಂಡಿತ. ಹೊಡೆತ ತಿನ್ನುತ್ತಿರುವ ಹೆಂಡತಿಯನ್ನು ಈ ಶಿಬಿರಕ್ಕೆ ಕಳಿಸಬಾರದು. ಹೊಡೆದವನ ಜೊತೆ ಒಂದೇ ಕೋಣೆಯಲ್ಲಿ ಕೂತು ಅವಳು ಏನು ಬರೆದಾಳು? ಅವಳಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ, ತವರಿನ ಬಾಗಿಲು ಇರಬೇಕು. ಉಳಿಸಲೇಬೇಕೆಂಬ ಹಟದಲ್ಲಿ ಧರ್ಮಗುರುಗಳೂ ನಮ್ಮ ಹಿರಿಯರೂ ಇಲ್ಲಿ ಒಂದೇ ರೀತಿ ಎಡವುತ್ತಾರೆ.

ಕನ್ನಡ, ತೆಲುಗು ಹಾಳೆಗಳನ್ನು ಬರೆದುಕೊಡಲು ನಾನು ಒಪ್ಪಿದ್ದೇನೆ. ಮೊದಲ ಪ್ರಶ್ನೆ ಎರಡೂ ಭಾಷೆಯಲ್ಲಿ ಬರೆದಾಗಿದೆ: ನೀವಿಬ್ಬರೂ ಒಟ್ಟಿಗೆ ಕೂತು ಉಣ್ಣೋದು ಯಾವಾಗ ಬಿಟ್ಟಿರಿ, ಅವತ್ತು ಏನಡಿಗೆ ಇತ್ತು?