ಭದ್ರಾವತಿಯ ವರ್ಧಂತಿ: ನಾವು ನೆನೆಯಬೇಕಾದುದೇನು?

ಬಹುಪಾಲು ಊರುಗಳ ಜನ್ಮದಿನವನ್ನು ಯಾರೂ ಅರಿಯರು. ಹೊಳೆಯ ದಂಡೆಯಲ್ಲಿ ನಾಲ್ಕು ಮನೆಗಳಾಗಿ, ಒಂದು ಗುಡಿಯಾಗಿ, ಒಂದು ಸಂತೆಯಾಗಿ ಅವು ತಮ್ಮಷ್ಟಕ್ಕೆ ತಾವೇ ಬೆಳೆದವು. ಔದ್ಯೋಗಿಕ ನಗರಗಳ ಮಾತು ಬೇರೆ. ಅವುಗಳ ಹುಟ್ಟಿಗೆ ತಾರೀಖು ಉಂಟು. ಭದ್ರಾ ನದಿಯ ದಡದಲ್ಲಿ ಬೆಂಕೀಪುರವೆಂಬ ಹೆಸರಿನಿಂದ ಬಾಳಿದ್ದ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ಹಳೆಯ ಊರು 1923ರ ಜನವರಿ 18ರಂದು ಎರಡನೆಯ ಜನ್ಮವನ್ನು ಪಡೆಯಿತು. ಅಂದು ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿತು. ನಮ್ಮ ನಾಡಿನ ಭೂಪಟದಲ್ಲಿ ಭದ್ರಾವತಿ ಎಂಬುದು ಉಕ್ಕಿನ ಊರಿನ ಹೆಸರಾಯಿತು.

ಇಂತಹ ದಿನದಂದು ಸರ್ ಎಂ. ವಿಶ್ವೇಶ್ವರಯ್ಯನವರ ಪ್ರತಿಮೆಗೆ ಮಾಲೆ ಹಾಕುವುದೂ, ನಾಲ್ವಡಿ ಕೃಷ್ಣರಾಜ ಒಡೆಯರನ್ನು ಸ್ಮರಿಸುವುದೂ ಉಚಿತವೇ. ಆದರೆ ಅಂದಿನವರು ಎದುರಿಸಿದ ಪ್ರಶ್ನೆ ಯಾವುದು, ಅವರು ಕಂಡುಕೊಂಡ ಉತ್ತರ ಯಾವುದು, ಆ ಉತ್ತರಕ್ಕಾಗಿ ನಾಡು ತೆತ್ತ ಬೆಲೆ ಎಷ್ಟು ಎಂಬ ಮೂರನ್ನೂ ವಿಚಾರಿಸದೆ ಮಾಡಿದ ಉತ್ಸವ ಅರ್ಧ ಉತ್ಸವವೆಂದೇ ನಮ್ಮ ಅಭಿಪ್ರಾಯ.

ಮೊದಲು ಪ್ರಶ್ನೆಯನ್ನು ನೋಡೋಣ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರು ಇದ್ದಿತು. ಕಬ್ಬಿಣದ ಅದಿರೆಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿದ ಕಲ್ಲು. ಆ ಆಮ್ಲಜನಕವನ್ನು ಬಿಡಿಸಿಕೊಳ್ಳಲು ಇಂಗಾಲ ಬೇಕು. ಅದಿರನ್ನು ಕರಗಿಸಲು ಉಗ್ರವಾದ ಶಾಖ ಬೇಕು. ಇತರ ದೇಶಗಳಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಇವೆರಡು ಕೆಲಸಗಳನ್ನೂ ಮಾಡುತ್ತಿದ್ದಿತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲೇ ಇರಲಿಲ್ಲ. ಕೋಕ್‌ಗೆ ತಕ್ಕ ಕಲ್ಲಿದ್ದಲಿನ ಝರಿಯಾ ಗಣಿಗಳು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದ್ದವು. ಕಲ್ಲಿದ್ದಲಿಲ್ಲದ ನಾಡು ಕಬ್ಬಿಣವನ್ನು ಮಾಡಬಲ್ಲುದೇ? ಇದೇ ಆ ಪ್ರಶ್ನೆ.

ಉತ್ತರ ದೊರೆತದ್ದು ಮಲೆನಾಡಿನ ಕಾಡಿನಲ್ಲಿ. ಗಾಳಿ ತಾಕದಂತೆ ಮುಚ್ಚಿದ ಪಾತ್ರೆಗಳಲ್ಲಿ ಕಟ್ಟಿಗೆಯನ್ನು ಕಾಯಿಸಿದರೆ ಅದು ಉರಿದು ಬೂದಿಯಾಗದು, ಇದ್ದಿಲಾಗುತ್ತದೆ. ಹೊರಬರುವ ಆವಿಯನ್ನು ತಂಪುಗೊಳಿಸಿದರೆ ಮೆಥಿಲ್ ಆಲ್ಕೋಹಾಲು, ಅಸಿಟಿಕ್ ಆಮ್ಲ, ಡಾಂಬರು ಮೊದಲಾದ ಪದಾರ್ಥಗಳು ಲಭಿಸುತ್ತವೆ. ಬಯಲಿನಲ್ಲಿ ಇದ್ದಿಲು ಸುಡುವವರ ಕೈಯಲ್ಲಿ ಹೊಗೆಯಾಗಿ ಹೋಗುವುದನ್ನು ಭದ್ರಾವತಿ ಸರಕನ್ನಾಗಿ ಮಾಡಿಕೊಂಡಿತು. ಇದ್ದಿಲಿನಲ್ಲಿ ಗಂಧಕ ಅತ್ಯಲ್ಪವಾದುದರಿಂದ ಅದರಿಂದ ತೆಗೆದ ಬೀಡು ಕಬ್ಬಿಣವೂ ಶುದ್ಧತೆಯಲ್ಲಿ ಮೇಲಾದುದು. ಕಲ್ಲಿದ್ದಲಿಲ್ಲವೆಂಬ ಕೊರತೆಯೇ ಹೀಗೆ ಒಂದು ಗುಣಕ್ಕೆ ಕಾರಣವಾಯಿತು.

ಇನ್ನು ಬೆಲೆಯ ಮಾತು. ಒಣ ಮರದ ತೂಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ ಇದ್ದಿಲಾಗುತ್ತದೆ. ಒಂದು ಟನ್ ಬೀಡು ಕಬ್ಬಿಣಕ್ಕೆ ಸುಮಾರು ಒಂದು ಟನ್ ಇದ್ದಿಲು ಬೇಕೆಂದು ಹಿಡಿದರೆ, ಆ ಒಂದು ಟನ್ನಿನ ಹಿಂದೆ ನಾಲ್ಕು ಟನ್ ಒಣ ಮರವಿದೆ. ಹಸಿಯ ಮರವಾದರೆ ಇನ್ನೂ ಹೆಚ್ಚು. ಹಗಲಿರುಳೆನ್ನದೆ ಉರಿಯುವ ಕುಲುಮೆಗೆ ವರ್ಷವಿಡೀ ಎಷ್ಟು ಮರ ಬೇಕಾದೀತೆಂಬುದನ್ನು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ನಮ್ಮ ಸೇತುವೆಗಳಲ್ಲಿಯೂ ಕೊಳವೆಗಳಲ್ಲಿಯೂ ಸೇರಿಹೋದ ಆ ಕಾಡಿನ ಋಣವನ್ನು ವರ್ಧಂತಿಯ ಭಾಷಣಗಳಲ್ಲಿ ನಾವು ಮರೆಯಬಾರದು.

ಭದ್ರಾವತಿಯ ಹಿರಿಮೆ ಮತ್ತೊಂದುಂಟು. ಅದು ತನ್ನ ಮೊದಲ ಉತ್ತರಕ್ಕೇ ಅಂಟಿಕೊಂಡು ಕುಳಿತುಕೊಳ್ಳಲಿಲ್ಲ. 1930ರ ದಶಕದಲ್ಲಿ ಅಲ್ಲಿ ಉಕ್ಕೂ ಸಿಮೆಂಟೂ ತಯಾರಾಗತೊಡಗಿದವು; 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯೂ ಅದೇ ಊರಿಗೆ ಬಂದಿತು. 1948ರಲ್ಲಿ ಜೋಗದ ಜಲವಿದ್ಯುತ್ತು ದೊರೆಯಲಾರಂಭಿಸಿದ ಮೇಲೆ, 1950ರ ದಶಕದಲ್ಲಿ ನಾರ್ವೆ ದೇಶದ ಮಾದರಿಯ ವಿದ್ಯುತ್ ಕುಲುಮೆಗಳು ಸ್ಥಾಪಿತವಾದವು. ಇವುಗಳಲ್ಲಿ ಶಾಖವನ್ನು ವಿದ್ಯುತ್ತೇ ಕೊಡುವುದರಿಂದ, ಇಂಗಾಲ ಬೇಕಾಗುವುದು ಆಮ್ಲಜನಕವನ್ನು ಬಿಡಿಸುವುದಕ್ಕೆ ಮಾತ್ರ. ಅದರ ವೆಚ್ಚ ಸುಮಾರು ಅರ್ಧಕ್ಕಿಳಿಯುತ್ತದೆ. ಮುಂದೆ ಕಾರ್ಖಾನೆ ಮಿಶ್ರಲೋಹದ ಉಕ್ಕು ಹಾಗೂ ವಿಶೇಷ ಉಕ್ಕುಗಳ ಕಡೆಗೆ ತಿರುಗಿತು.

ಇಷ್ಟನ್ನೂ ಮಾಡಿದ್ದು ಯಂತ್ರಗಳಲ್ಲ, ಮನುಷ್ಯರು. ಆರಂಭದ ವರ್ಷಗಳಲ್ಲಿ ಕಬ್ಬಿಣದ ಬೆಲೆ ಕುಸಿದು ಕಾರ್ಖಾನೆ ನಷ್ಟಕ್ಕೀಡಾಗಿದ್ದಿತು. 1923ರಿಂದ 1929ರವರೆಗೆ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ವಿಶ್ವೇಶ್ವರಯ್ಯನವರು ವಿದೇಶೀಯರ ಜಾಗದಲ್ಲಿ ಈ ನಾಡಿನವರನ್ನೇ ತರಬೇತುಗೊಳಿಸಿ ನಿಲ್ಲಿಸಿದರು. ಈ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಕೈಗೆ ತೆಗೆದುಕೊಳ್ಳದೆ, ಯುವಕರಿಗೆ ಕಸುಬು ಕಲಿಸುವ ವಿದ್ಯಾಲಯಕ್ಕೆ ವಿನಿಯೋಗಿಸಬೇಕೆಂದು ಕೋರಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ ಅದರ ಫಲ. ಕುಲುಮೆಯ ದುಡಿಮೆ ಪಾಠಶಾಲೆಯಾಯಿತು.

ಆದರೆ ನೂರು ವರ್ಷ ತುಂಬಿದ ಹೊತ್ತಿಗೆ ಸಂಭ್ರಮಕ್ಕೆ ಬದಲು ಸಂಕಟ ಬಂದಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ವಶಕ್ಕೆ ಬಂದ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರುವ ಯತ್ನ ಸಫಲವಾಗದೆ, 2023ರ ಆರಂಭದಲ್ಲಿ, ಎಂದರೆ ಶತಮಾನೋತ್ಸವದ ತಿಂಗಳಿನಲ್ಲಿಯೇ, ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದರು. ಕಾಗದದ ಕಾರ್ಖಾನೆಯಂತೂ ಅದಕ್ಕೂ ಮುಂಚೆಯೇ ಉತ್ಪಾದನೆಯನ್ನು ನಿಲ್ಲಿಸಿದ್ದಿತು.

ನಷ್ಟದ ಉದ್ಯಮಕ್ಕೆ ಉತ್ಸವವೇಕೆಂದು ಕೆಲವರು ಕೇಳುತ್ತಾರೆ. ಹೆಸರಿನ ಗೌರವಕ್ಕಾಗಿಯಾದರೂ ನಡೆಸಲೇಬೇಕೆಂದು ಮತ್ತೆ ಕೆಲವರು ವಾದಿಸುತ್ತಾರೆ. ಲೆಕ್ಕವಿಲ್ಲದೆ ಉದ್ಯಮ ಬಾಳಲಾರದೆಂಬುದನ್ನು ನಾವು ಒಪ್ಪುತ್ತೇವೆ. ವಿಶ್ವೇಶ್ವರಯ್ಯನವರೂ ಲೆಕ್ಕದ ಮನುಷ್ಯರೇ. ಆದರೆ ಲೆಕ್ಕ ಪೂರ್ಣವಾಗಿರಬೇಕು. ಊದುಕುಲುಮೆಯನ್ನು ಅಜಾಗರೂಕತೆಯಿಂದ ತಣ್ಣಗಾಗಲು ಬಿಟ್ಟರೆ ಅದರ ತಳದಲ್ಲಿ ಕಬ್ಬಿಣ ಹೆಪ್ಪುಗಟ್ಟಿ ಬಂಡೆಯಾಗುತ್ತದೆ; ಮತ್ತೆ ಹೊತ್ತಿಸುವುದು ಮಹಾಪ್ರಯಾಸದ ಕೆಲಸ. ಮೂರು ನಾಲ್ಕು ತಲೆಮಾರುಗಳ ಕೈಯಲ್ಲಿ ಕೂಡಿಬಂದ ಕುಶಲತೆಯೂ ಅಂಥದೇ. ಕರಗಿದ ಲೋಹದ ಬಣ್ಣವನ್ನು ನೋಡಿಯೇ ಅದರ ಹದವನ್ನು ಹೇಳಬಲ್ಲ ಮೇಸ್ತ್ರಿ ಊರು ಬಿಟ್ಟುಹೋದರೆ, ಆ ನಷ್ಟವನ್ನು ಯಾವ ಜಮಾಖರ್ಚಿನ ಪುಸ್ತಕವೂ ಬರೆದುಕೊಳ್ಳುವುದಿಲ್ಲ.

ಅದಲ್ಲದೆ, ಭದ್ರಾವತಿಯ ಹಳೆಯ ಪ್ರಶ್ನೆ ಇಂದು ಲೋಕದ ಪ್ರಶ್ನೆಯಾಗಿದೆ. ಶಕ್ತಿಯ ಬಳಕೆಯಿಂದ ವಾತಾವರಣವನ್ನು ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಸುಮಾರು ಏಳು ಪಾಲು ಕಬ್ಬಿಣ ಮತ್ತು ಉಕ್ಕಿನ ಉದ್ಯಮದ್ದು. ಆದುದರಿಂದ ಕಲ್ಲಿದ್ದಲಿಲ್ಲದೆ ಕಬ್ಬಿಣ ಮಾಡುವ ಬಗೆಯನ್ನು ವಿಜ್ಞಾನಿಗಳು ಈಗ ಎಲ್ಲೆಲ್ಲಿಯೂ ಹುಡುಕುತ್ತಿರುವರು. ಬ್ರೆಜಿಲ್ ದೇಶದಲ್ಲಿ ನೆಟ್ಟು ಬೆಳೆಸಿದ ನೀಲಗಿರಿ ಮರಗಳ ಇದ್ದಿಲಿನಿಂದ ಬೀಡು ಕಬ್ಬಿಣವನ್ನು ತೆಗೆಯುತ್ತಾರೆ. 2021ರಲ್ಲಿ ಸ್ವೀಡನ್ನಿನಲ್ಲಿ ಅದಿರಿನ ಆಮ್ಲಜನಕವನ್ನು ಜಲಜನಕದಿಂದ ಬಿಡಿಸಿ ತಯಾರಿಸಿದ ಉಕ್ಕು ಪ್ರಯೋಗರೂಪದಲ್ಲಿ ಹೊರಬಂದಿತು. ಅಲ್ಲಿ ಇಂಗಾಲದ ಅನಿಲದ ಬದಲು ನೀರಿನ ಆವಿ ಹೊಮ್ಮುತ್ತದೆ. ನೂರು ವರ್ಷಗಳ ಹಿಂದೆ ಬಡತನದಿಂದ ನಾವು ಕೇಳಿಕೊಂಡ ಪ್ರಶ್ನೆಯನ್ನು ಸಿರಿವಂತ ರಾಷ್ಟ್ರಗಳು ಇಂದು ವಿವೇಕದಿಂದ ಕೇಳುತ್ತಿವೆ.

ಆದುದರಿಂದ ಜನವರಿ 18 ನಮ್ಮ ಪಾಲಿಗೆ ಕಲಿಕೆಯ ದಿನವಾಗಲಿ. ಕಾರ್ಖಾನೆಯ ಹಳೆಯ ನಕ್ಷೆಗಳೂ ದಿನಚರಿಗಳೂ ಅದಿರಿನ ಮಾದರಿಗಳೂ ಜೋಪಾನವಾಗಿ ಉಳಿಯಲಿ. ನಿವೃತ್ತರಾದ ಕಾರ್ಮಿಕರ ಅನುಭವವನ್ನು ವಿದ್ಯಾರ್ಥಿಗಳು ಕೇಳಿ ಬರೆದಿಡಲಿ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಹಿಡಿ ಅದಿರಿನ ಪುಡಿಯೂ ಒಂದು ಹಿಡಿ ಇದ್ದಿಲೂ ಅಧ್ಯಾಪಕರ ಸಮ್ಮುಖದಲ್ಲಿ ಕುಲುಮೆಯನ್ನು ಕಾಣಲಿ. ಅಂದು ಹಾಕಿದ ಮಾಲೆ ಸಂಜೆಗೆ ಬಾಡುತ್ತದೆ. ಅಂದು ಒಬ್ಬ ಹುಡುಗನೋ ಹುಡುಗಿಯೋ ಕೇಳಿದ ಪ್ರಶ್ನೆ ಮುಂದಿನ ಕುಲುಮೆಯನ್ನು ಹೊತ್ತಿಸೀತು.