ಬೆಂಕಿಯ ಹುಡುಗಿ, ಮಣ್ಣಿನ ರಾಜಕುಮಾರ

ಜಿನ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಾವುದ್ದೀನನ ದೀಪ ಉಜ್ಜಿದರೆ ಕೈಕಟ್ಟಿ ನಿಲ್ಲುವ ಭೂತ. ಆದರೆ ಇಸ್ಲಾಮಿನ ನಂಬಿಕೆಯ ಜಿನ್ ಯಾರ ಮನೆಯ ಆಳೂ ಅಲ್ಲ. ಕುರ್‌ಆನ್ ಪ್ರಕಾರ ಮನುಷ್ಯ ಮಣ್ಣಿನಿಂದ ಆದವನು, ಜಿನ್ ಬೆಂಕಿಯಿಂದ. ಸರಿ-ತಪ್ಪು ಆರಿಸಿಕೊಳ್ಳುವ ಹೊಣೆ ಇಬ್ಬರಿಗೂ ಇದೆ.

ಇರಾನಿ ಮೂಲದ ಅಮೆರಿಕನ್ ಲೇಖಕಿ ತಾಹೆರೆ ಮಾಫಿ ಹದಿಹರೆಯದವರಿಗಾಗಿ ಬರೆದ ‘ದಿಸ್ ವೋವನ್ ಕಿಂಗ್‌ಡಮ್’ (2022) ನಿಂತಿರುವುದು ಈ ಹೊಣೆಯ ಮೇಲೆಯೇ. ನಾಯಕಿ ಅಲಿಜೆ ಜಿನ್‌ಗಳ ಸಿಂಹಾಸನಕ್ಕೆ ವಾರಸುದಾರಳು. ಜೀವ ಉಳಿಸಿಕೊಳ್ಳಲು ದೊಡ್ಡವರ ಮನೆಯಲ್ಲಿ ಕಸ ಗುಡಿಸುತ್ತಾಳೆ, ನೆಲ ಒರೆಸುತ್ತಾಳೆ, ಬಿಡುವಾದಾಗ ಬಟ್ಟೆ ಹೊಲಿಯುತ್ತಾಳೆ. ಅವಳಿಗೆ ಮನಸೋಲುವವನು ಮಣ್ಣಿನ ಕುಲದ ಯುವರಾಜ ಕಾಮ್ರಾನ್. ಬೆಂಕಿಯಿಂದ ಹುಟ್ಟಿದ ತಾನು ಮಣ್ಣಿನ ಆದಮನಿಗೆ ಬಾಗುವುದಿಲ್ಲ ಎಂದ ಸೈತಾನ ಇಬ್ಲೀಸನ ಹಳೆಯ ಅಹಂಕಾರ ಇವರಿಬ್ಬರ ನಡುವೆ ಗೋಡೆಯಾಗಿ ನಿಂತಿದೆ. ಹುಟ್ಟಿನಿಂದ ಮೇಲು-ಕೀಳು ಎಣಿಸುವ ಆ ಗೋಡೆ ಯಾವ ಊರಿನ ಓದುಗರಿಗೆ ತಾನೇ ಗೊತ್ತಿಲ್ಲ?

ಇಂಥ ಪುಸ್ತಕ ಹಿಡಿದ ಮಕ್ಕಳಿಗೆ ‘ಬರೀ ಲವ್ ಸ್ಟೋರಿ’ ಎಂದು ಮೂಗು ಮುರಿಯುವ ಹಿರಿಯರು ಒಮ್ಮೆ ‘ಶಾಹನಾಮೆ’ಯತ್ತ ನೋಡಬೇಕು. ಪರ್ಷಿಯನ್ ಕವಿ ಫಿರ್ದೌಸಿ 1010ರಲ್ಲಿ ಮುಗಿಸಿದ ಆ ಮಹಾಕಾವ್ಯದಲ್ಲಿ ಝಾಲ್ ಎಂಬವನಿದ್ದಾನೆ. ಹುಟ್ಟುವಾಗಲೇ ಕೂದಲು ಬೆಳ್ಳಗಿತ್ತೆಂದು ಹೆತ್ತ ತಂದೆಯೇ ಬೆಟ್ಟದಲ್ಲಿ ಬಿಟ್ಟುಬಂದ ಕೂಸು. ಸಾಕಿದ್ದು ಸೀಮುರ್ಗ್ ಎಂಬ ಮಹಾಪಕ್ಷಿ. ಬೆಳೆದು ದೊಡ್ಡವನಾದ ಅವನು ಒಲಿದದ್ದು ಶತ್ರು ವಂಶದ ಕಾಬೂಲಿನ ರೂದಾಬೆಗೆ. ಹಿಡಿದು ಹತ್ತಲೆಂದು ಅವಳು ಅರಮನೆಯ ಮೇಲಿನಿಂದ ತನ್ನ ನೀಳ ಜಡೆ ಇಳಿಬಿಡುತ್ತಾಳೆ. ಅವನು ಅದಕ್ಕೆ ಮುತ್ತಿಡುತ್ತಾನೆ. ಎಳೆದರೆ ಅವಳಿಗೆ ನೋವಾದೀತೆಂದು ಹಗ್ಗ ತರಿಸಿ, ಅದನ್ನು ಮೇಲಕ್ಕೆಸೆದು ಹತ್ತುತ್ತಾನೆ. ಯುದ್ಧಗಳೇ ತುಂಬಿದ ಕಾವ್ಯದಲ್ಲಿ ಈ ಒಂದು ಗಳಿಗೆಯ ನವಿರು ಸಾವಿರ ವರ್ಷವಾದರೂ ಬಾಡಿಲ್ಲ.

ಪರ್ಷಿಯಾದ ಪುರಾಣವನ್ನೂ ಇಸ್ಲಾಮಿನ ನಂಬಿಕೆಯನ್ನೂ ಮಾಫಿ ಬೆರೆಸಿದ್ದು ಹೊಸ ಸಾಹಸವೂ ಅಲ್ಲ. ಪ್ರಾಚೀನ ಇರಾನಿನ ಪುರಾಣದ ದುಷ್ಟ ದೊರೆ ಜಹಾಕನ ಹೆಗಲಿಗೆ ಇಬ್ಲೀಸನಿಂದ ಮುತ್ತಿಡಿಸಿ ಹಾವು ಹುಟ್ಟಿಸಿದವನು ಫಿರ್ದೌಸಿಯೇ. ಆ ಹಾವುಗಳು ಮಾಫಿಯ ಕತೆಯಲ್ಲೂ ಹೆಡೆ ಎತ್ತುತ್ತವೆ.

ಈ ಲೋಕ ಕರ್ನಾಟಕಕ್ಕೂ ದೂರದ್ದಲ್ಲ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ನುಸ್ರತಿ 17ನೇ ಶತಮಾನದಲ್ಲಿ ದಖನಿ ಭಾಷೆಯಲ್ಲಿ ಬರೆದ ‘ಗುಲ್ಶನೆ ಇಶ್ಕ್’ ಪ್ರೇಮಕಾವ್ಯದಲ್ಲಿ ಮನೋಹರ-ಮಧುಮಾಲತಿಯರನ್ನು ಸೇರಿಸುವವರು ಪರ್ಷಿಯನ್ ಕತೆಗಳ ಕಿನ್ನರಿಯರಾದ ಪರಿಯರು. ಅದರ 1743ರ ಸಚಿತ್ರ ಹಸ್ತಪ್ರತಿ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದಲ್ಲಿದೆ. ಅಲಿಜೆಯ ಕತೆಗೆ ರಾತ್ರಿಯಿಡೀ ನಿದ್ದೆಗೆಡುವ ಹುಡುಗಿಯ ಕೈಗೆ ಮಧುಮಾಲತಿಯ ಕತೆಯನ್ನೂ ಚಿತ್ರಗಳ ಸಮೇತ ಒಳ್ಳೆಯ ಕನ್ನಡದಲ್ಲಿ ಕೊಡುವ ಪ್ರಕಾಶಕರು ಮುಂದೆ ಬರಬೇಕು.