ಉಗ್ರಾಣದ ಔಷಧಿ ರೋಗಿಯ ಕೈ ಸೇರಲಿ



ತಾಯಿಯ ರಕ್ತದೊತ್ತಡದ ಮಾತ್ರೆಗಾಗಿ ಈಚೆಗೆ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂದು ಚೀಟಿ ಹಿಂತಿರುಗಿಸಿದರು. ಪಕ್ಕದ ತಾಲ್ಲೂಕಿನ ಆಸ್ಪತ್ರೆಯಲ್ಲಿ ಅದೇ ಮಾತ್ರೆ ಧಾರಾಳವಾಗಿತ್ತು. ಅಂದರೆ ಕೊರತೆ ಔಷಧಿಯದಲ್ಲ, ಲೆಕ್ಕ ಮತ್ತು ಸಮನ್ವಯದ್ದು.

ತಮಿಳುನಾಡು 1994ರಲ್ಲೇ ವೈದ್ಯಕೀಯ ಸೇವಾ ನಿಗಮ ಸ್ಥಾಪಿಸಿ ಔಷಧಿ ಖರೀದಿಯನ್ನು ಒಂದೇ ಸೂರಿನಡಿ ತಂದಿತು. ಅಲ್ಲಿ ಪ್ರತಿ ಆಸ್ಪತ್ರೆಗೂ ಪಾಸ್‌ಬುಕ್ ಉಂಟು. ಅದರಲ್ಲಿ ನಮೂದಾದ ಮೊತ್ತದೊಳಗೆ ಬೇಕಾದ ಔಷಧಿಯನ್ನು ಜಿಲ್ಲಾ ಉಗ್ರಾಣದಿಂದ ಪಡೆಯಬಹುದು. ಪೂರೈಕೆ ಮತ್ತು ಹಣದ ನಿಯಂತ್ರಣ ಎರಡೂ ಒಂದೇ ಪುಸ್ತಕದಲ್ಲಿ ಕೂಡುತ್ತವೆ.

ನಮ್ಮಲ್ಲೂ ರಾಜ್ಯ ವೈದ್ಯಕೀಯ ಸರಬರಾಜು ನಿಗಮವಿದೆ, ಉಗ್ರಾಣಗಳಿವೆ. ಆದರೆ ವಾರ್ಡಿನಲ್ಲಿ ಖರ್ಚಾದದ್ದು ಅಂದಂದೇ ದಾಖಲಾಗದಿದ್ದರೆ ಬೇಡಿಕೆ ಪಟ್ಟಿ ಬರೀ ಅಂದಾಜಾಗುತ್ತದೆ. ಆಗ ಒಂದೆಡೆ ಅವಧಿ ಮೀರಿದ ಪೆಟ್ಟಿಗೆ, ಇನ್ನೊಂದೆಡೆ ಖಾಲಿ ಕಪಾಟು.

ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಅಂದಿನ ಔಷಧಿ ದಾಸ್ತಾನಿನ ಫಲಕ ಹಾಕಲಿ. ದಾಸ್ತಾನು ನಿಗದಿತ ಮಟ್ಟಕ್ಕೆ ಇಳಿದೊಡನೆ ಉಗ್ರಾಣಕ್ಕೆ ಬೇಡಿಕೆ ಹೋಗಲಿ. ಹೆಚ್ಚಾದದ್ದು ನೆರೆಯ ಆಸ್ಪತ್ರೆಗೆ ಸಲ್ಲಲಿ. ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ಮರಳಬಾರದು.

– ಓದುಗ, ಹಾಸನ